ಇಂಗ್ಲಿಷ್ ಕಲಿಯೋಣ: 'ಫಾಲ್ಸ್' ಅಂದರೆ ಬರೀ ಸುಳ್ಳಾ?

ಗೆಳೆಯರೇ, ಪರೀಕ್ಷೆಯಲ್ಲಿ 'ಟ್ರೂ ಆರ್ ಫಾಲ್ಸ್' ಅಂತ ಪ್ರಶ್ನೆ ಬರುತ್ತದಲ್ಲ, ಆ 'ಫಾಲ್ಸ್' ಒಂದು ಗುಣವಾಚಕ. ಮೂಲ ಲ್ಯಾಟಿನ್ ಭಾಷೆ. ವಿರುದ್ಧ ಪದ 'ಟ್ರೂ'.

ಅರ್ಥಗಳು:
1. ನಿಜವಲ್ಲದ: 'ಫಾಲ್ಸ್ ಸ್ಟೇಟ್‌ಮೆಂಟ್' – ತಪ್ಪು ಹೇಳಿಕೆ.
2. ಕೃತಕ: 'ಫಾಲ್ಸ್ ಟೀತ್' – ಕಟ್ಟಿಸಿದ ಹಲ್ಲು. ಅಜ್ಜನ ಹಲ್ಲು ಸುಳ್ಳು ಹೇಳುತ್ತಾ? ಇಲ್ಲ!
3. ಮೋಸದ: 'ಫಾಲ್ಸ್ ನೇಮ್' – ಬೇಕೆಂದೇ ಹೇಳಿದ ಸುಳ್ಳು ಹೆಸರು.
4. ಹುಸಿ: 'ಫಾಲ್ಸ್ ಅಲಾರಂ' – ಬೆಂಕಿ ಅಂತ ಗಂಟೆ ಹೊಡೆದರು, ಓಡಿ ಹೋದರೆ ಬೆಂಕಿಯೇ ಇಲ್ಲ.

ಈಗ ಮುಖ್ಯ ಮಾತು. ಹೋದ ವಾರ ತರಗತಿಯಲ್ಲಿ ಒಬ್ಬ 'ತಿಮಿಂಗಿಲ ಒಂದು ಮೀನು' ಅಂದ. ನಾವೆಲ್ಲ 'ಫಾಲ್ಸ್! ಸುಳ್ಳುಗಾರ!' ಅಂತ ಕೂಗಿದ್ವಿ. ನಾನೂ ಕೂಗಿದೆ. ಆಮೇಲೆ ಅವನು ಕೈ ಎತ್ತಲೇ ಇಲ್ಲ.

ತಿಮಿಂಗಿಲ ಸಸ್ತನಿ. ಆದ್ದರಿಂದ ಅವನ ಮಾತು ಫಾಲ್ಸ್. ಆದರೆ ಅವನು ತಿಳಿಯದೆ ಹೇಳಿದ. ತಿಳಿದೂ ತಿಳಿದೂ ಹೇಳುವ ಸುಳ್ಳಿಗೆ ಇಂಗ್ಲಿಷಿನಲ್ಲಿ 'ಲೈ' ಅನ್ನುತ್ತಾರೆ, ಹೇಳಿದವನು 'ಲೈಯರ್'.

ನೆನಪಿಡಿ: ತಪ್ಪು ಉತ್ತರ ಕೊಟ್ಟವನು ಸುಳ್ಳುಗಾರನಲ್ಲ.

ಅಭ್ಯಾಸ: 'ಸೂರ್ಯ ಭೂಮಿಯನ್ನು ಸುತ್ತುತ್ತದೆ.' ಟ್ರೂ ಆರ್ ಫಾಲ್ಸ್? ಹಿಂದೆ ಹಾಗೆ ನಂಬಿದ್ದವರೆಲ್ಲ ಲೈಯರ್‌ಗಳಾ? ಯೋಚಿಸಿ ಬರೆಯಿರಿ.