ಆಲದ ಮರವಲ್ಲದ ಅಪ್ಪ

ಪ್ರೀತಿಯ ಅಳಿಯನಿಗೆ,


ನೀನು ಕಳಿಸಿದ ಹಾಡನ್ನು ಮೂರು ಸಲ ಕೇಳಿದೆ. ಗಿಟಾರಿನ ಮೇಲೆ ಬೆರಳು ಪಳಗಿದೆ, ದನಿಯೂ ಚೆನ್ನ. ಆದರೆ ಅದರಲ್ಲಿ ಆಲದ ಮರದ ಹಾಗೆ ನೆರಳು ಕೊಟ್ಟು ನಿಂತಿರುವ ಅಪ್ಪ ಯಾರು ಮಾರಾಯ? ನಿನ್ನಪ್ಪ ನನಗೆ ಭಾವ. ನಿನಗೆ ಆರು ತುಂಬುವ ಮೊದಲೇ ಮನೆ ಬಿಟ್ಟವರು, ಆಮೇಲೆ ಹಬ್ಬಕ್ಕೆ ಬಂದರೆ ಬಂದರು, ಇಲ್ಲದಿದ್ದರೆ ಇಲ್ಲ. ಸತ್ತವರ ಬಗ್ಗೆ ಹಗುರವಾಗಿ ಆಡಬಾರದೆಂದು ನಿನಗೆ ಕಲಿಸಿದವರು ನಾವೇ. ಹಾಗಾಗಿ ನೀನು ಫೋಟೋಕ್ಕೆ ಹಾರ ಹಾಕಿದಂತೆ ಹಾಡಿದ್ದೀಯ. ಇಂಥ ಇಕ್ಕಟ್ಟಿನಲ್ಲಿ ಇನ್ನೂ ನಾಲ್ಕು ಮಕ್ಕಳು ಇರಬಹುದೆಂದು, ನೀನು ಒಪ್ಪಿದ ಮೇಲೆ, ಹೆಸರು ಬಿಟ್ಟು ಈ ಕಾಗದವನ್ನು ಪತ್ರಿಕೆಗೂ ಕೊಡುತ್ತಿದ್ದೇನೆ.

ಇದೇ ಇಕ್ಕಟ್ಟಿನಲ್ಲಿ ಹಾಡಿದವನೊಬ್ಬನಿದ್ದಾನೆ. ಅಮೆರಿಕದ ಸುಫ್ಯಾನ್ ಸ್ಟೀವನ್ಸ್, ತಾನೇ ಬರೆದು ತಾನೇ ಹಾಡುವವನು. 2015ರಲ್ಲಿ ಬಂದ ಅವನ 'ಕ್ಯಾರಿ ಆ್ಯಂಡ್ ಲೋವೆಲ್' ಆಲ್ಬಂ ಕೇಳು. ಹನ್ನೊಂದು ಹಾಡು, ಮುಕ್ಕಾಲು ಗಂಟೆಯೊಳಗೆ ಮುಗಿಯುತ್ತದೆ. ಕ್ಯಾರಿ ಅವನ ತಾಯಿ. ಮಗುವಿಗೆ ಒಂದು ವರ್ಷವಾದಾಗ ಬಿಟ್ಟುಹೋದವಳು. ಮನೋರೋಗ, ಕುಡಿತ ಎರಡೂ ಅವಳನ್ನು ಹಿಂಡಿದ್ದವು. ಲೋವೆಲ್ ಅವಳ ಎರಡನೆಯ ಗಂಡ. ಅವರ ಸಂಸಾರ ಐದೇ ವರ್ಷದ್ದು. ಆ ಐದು ವರ್ಷದಲ್ಲಿ ಮೂರು ಬೇಸಿಗೆ ಹುಡುಗ ಆರೆಗನ್ ರಾಜ್ಯದ ಯೂಜೀನ್ ಊರಿನಲ್ಲಿ ತಾಯಿಯ ಜೊತೆಗಿದ್ದ. ಸಂಸಾರ ಮುರಿದರೂ ಲೋವೆಲ್ ಮಲಮಗನ ಕೈ ಬಿಡಲಿಲ್ಲ. ಮುಂದೆ ಇಬ್ಬರೂ ಸೇರಿ ಸಂಗೀತದ ಕಂಪನಿಯನ್ನೇ ಕಟ್ಟಿದರು. 2012ರ ಡಿಸೆಂಬರಿನಲ್ಲಿ ಕ್ಯಾರಿ ಹೊಟ್ಟೆಯ ಕ್ಯಾನ್ಸರಿನಿಂದ ತೀರಿಕೊಂಡಳು.

ತಾಯಿಯೆಂದರೆ ಅವನ ಪಾಲಿಗೆ ಹೆಚ್ಚುಕಡಿಮೆ ಆ ಮೂರು ಬೇಸಿಗೆ. ಅವನು ಅಷ್ಟನ್ನೇ ಹಾಡಿದ, ಇಲ್ಲದ್ದನ್ನು ಸೇರಿಸಲಿಲ್ಲ. ವಿಡಿಯೊ ಅಂಗಡಿಯಲ್ಲಿ ಅಮ್ಮ ತನ್ನನ್ನು ಬಿಟ್ಟುಹೋದದ್ದು ಒಂದು ಹಾಡಿನಲ್ಲಿ ಬರುತ್ತದೆ. ಈಜು ಕಲಿಸುವವನಿಗೆ ಇವನ ಹೆಸರು ಬಾಯಿಗೆ ಹತ್ತದೆ 'ಸುಬಾರು' ಎಂದು ಕಾರಿನ ಹೆಸರಿನಿಂದ ಕರೆದದ್ದು ಇನ್ನೊಂದರಲ್ಲಿ. 'ಫೋರ್ತ್ ಆಫ್ ಜುಲೈ'ನಲ್ಲಿ ಸತ್ತ ತಾಯಿ, ಉಳಿದ ಮಗ ಮೆಲ್ಲಗೆ ಮಾತಾಡಿಕೊಳ್ಳುತ್ತಾರೆ. ಬದುಕಿದ್ದಾಗ ಅಷ್ಟು ಮಾತಾಡಲು ಇಬ್ಬರಿಗೂ ಬಿಡುವಾಗಲಿಲ್ಲ. ತಾಯಿಯನ್ನು ಅವನು ದೂರಲಿಲ್ಲ, ದೇವರನ್ನಾಗಿಯೂ ಮಾಡಲಿಲ್ಲ.

ವಾದ್ಯದ ವಿಷಯಕ್ಕೆ ಬಾ. 2005ರ 'ಇಲಿನಾಯ್' ಆಲ್ಬಂನಲ್ಲಿ ಕಹಳೆ, ಪಿಟೀಲು, ಮೇಳಗಾನ ತುಂಬಿ ಜಾತ್ರೆ ಮಾಡಿದವನು ಇಲ್ಲಿ ಗಿಟಾರು, ಬ್ಯಾಂಜೊ ಮೀಟಿ ಪಿಸುಗುಟ್ಟುತ್ತಾನೆ. ಡ್ರಮ್ ಇಲ್ಲವೆಂದೇ ಹೇಳಬೇಕು. ಹೋಟೆಲ್ ಕೋಣೆಯಲ್ಲಿ ಕೂತು ಫೋನಿನಲ್ಲಿ ಧ್ವನಿಮುದ್ರಿಸಿದ್ದೂ ಇದರಲ್ಲಿ ಸೇರಿದೆ. ನಿನ್ನ ಹಾಡಿಗೆ ಸ್ಟುಡಿಯೊ ಸಿಗಲಿಲ್ಲವೆಂದು ಕೊರಗಬೇಡ.

ಇನ್ನೊಂದು ಮಾತು, ಇದನ್ನು ಗಟ್ಟಿಯಾಗಿ ಹಿಡಿದುಕೋ. ತಾಯಿ ಸತ್ತ ಮೇಲೆ ಅವಳ ಹತ್ತಿರ ಹೋಗುವ ಹಂಬಲದಲ್ಲಿ ಅವಳ ಚಟಗಳನ್ನೇ ಹಿಡಿಯಲು ಹೊರಟಿದ್ದೆ ಎಂದು ಅವನು ಹೇಳಿಕೊಂಡಿದ್ದಾನೆ. ಹಾಡಿಗೆ ಆ ದಾರಿ ಬೇಡ. ಸಾವಿರಾರು ಜನ ಈ ಹಾಡುಗಳನ್ನು ಕೇಳಿ ಅತ್ತರು, ಹಗುರಾದರು. ಅವನು ಹಗುರಾದನೆ? 2025ರಲ್ಲಿ ಹತ್ತು ವರ್ಷದ ಆವೃತ್ತಿ ಬಂದಾಗ, ಈ ಆಲ್ಬಂ ನೆನೆದರೆ ತನಗೆ ಮುಜುಗರ ಎಂದ. ಹಾಡು ಬರೆದರೆ ದುಃಖ ತೀರುತ್ತದೆ ಎಂದು ಯಾರಾದರೂ ನಿನಗೆ ಹೇಳಿದ್ದರೆ ನಂಬಬೇಡ. ಹಾಡು ಬರೆದರೆ ಹಾಡಾಗುತ್ತದೆ, ಅಷ್ಟೆ. ದುಃಖ ತನಗೆ ಬೇಕಾದಷ್ಟು ದಿನ ಇರುತ್ತದೆ, ಇರಲಿ.

ನೀನೇ ಒಮ್ಮೆ ನಗುತ್ತ ಹೇಳಿದ್ದೆ: ಅಪ್ಪ ಬಂದಾಗಲೆಲ್ಲ ಚಪ್ಪಲಿ ತರುತ್ತಿದ್ದರು, ಒಂದೂ ಕಾಲಿಗೆ ಆಗುತ್ತಿರಲಿಲ್ಲ, ಎಲ್ಲ ಚಿಕ್ಕವು ಎಂದು. ಭಾವನ ಲೆಕ್ಕದಲ್ಲಿ ನೀನು ಆರಕ್ಕಿಂತ ಬೆಳೆಯಲೇ ಇಲ್ಲ. ಆ ಚಪ್ಪಲಿ ನಿನ್ನ ಹಾಡಿನಲ್ಲಿ ಎಲ್ಲಿದೆ? ಆಲದ ಮರ ಯಾರ ಅಪ್ಪನಾದರೂ ಆದೀತು. ಅಳತೆ ತಪ್ಪಿದ ಚಪ್ಪಲಿ ತಂದವರು ನಿನ್ನಪ್ಪ ಒಬ್ಬರೇ.

ಬರೆಯುವ ಮೊದಲು ಒಮ್ಮೆ ಅಟ್ಟ ಹತ್ತು. ಅಕ್ಕ ಒಂದು ಜೊತೆಯನ್ನೂ ಎಸೆದಿಲ್ಲ.

ನಿನ್ನ ಮಾವ