ಹಳೆ ಲಾರಿಗೆ ಕಡಿಮೆ ಖರ್ಚಿನ ವಾಲ್ವ್ ರಿಪೇರಿ

ನಾನು ತಿಕೋಟಾ ಕಡೆಯ ಒಣಬೇಸಾಯಗಾರ. ಬಿಳಿಜೋಳ, ತೊಗರಿ ಬೆಳೆಯುತ್ತೇನೆ. ಬೇಸಿಗೆಯಲ್ಲಿ ಹಳೆ ಟ್ಯಾಂಕರ್ ಲಾರಿಯಿಂದ ಬಬಲೇಶ್ವರ ಸುತ್ತಿನ ದ್ರಾಕ್ಷಿ ತೋಟಗಳಿಗೆ ನೀರು ಹೊಡೆಯುವುದೇ ಸಂಸಾರಕ್ಕೆ ಆಸರೆ. 2023ರ ಮಳೆ ಕೈಕೊಟ್ಟಿತು. ಮರುವರ್ಷ ಏಪ್ರಿಲ್ ಚಾಟನಿ ಮುಗಿದು ಬಳ್ಳಿಗೆ ನೀರು ಬೇಕಾದ ಹೊತ್ತಿನಾಗ ಲಾರಿ ದಿನ್ನಿ ಏರದಾಯಿತು.

ತಪ್ಪು ನನ್ನದೇ. ಟ್ಯಾಪೆಟ್ 'ಟಕ್ ಟಕ್' ಅಂತಿತ್ತು. ಸದ್ದು ನಿಲ್ಲಲಿ ಅಂತ ಪೂರಾ ಬಿಗಿ ಮಾಡಿದ್ದೆ. ಕಾದಾಗ ವಾಲ್ವ್ ಉದ್ದ ಆಗ್ತದ. ಸಂದು ಇರದಿದ್ದರೆ ಸೀಟಿನ ಮೇಲೆ ಸರಿಯಾಗಿ ಕೂಡ್ರುವುದಿಲ್ಲ. ಬೆಂಕಿಗಾಳಿ ನುಗ್ಗಿ ಅಂಚು ಸುಡುತ್ತದೆ.

ಒಬ್ಬರು ಇಡೀ ಎಂಜಿನ್ ಬಿಚ್ಚಬೇಕು ಅಂದರು. ಇನ್ನೊಬ್ಬರು ಗಟ್ಟಿ ಸ್ಪ್ರಿಂಗ್ ಹಾಕು, ಜೋರು ಬರ್ತದ ಅಂದರು. ನಿಧಾನ ತಿರುಗುವ ಡೀಸೆಲ್ ಎಂಜಿನ್ನಿಗೆ ಅದು ಬ್ಯಾಡ. ಕ್ಯಾಮ್, ಟ್ಯಾಪೆಟ್ ಬೇಗ ಸವೆಯುತ್ತವೆ. ಎಣ್ಣೆ ಹಾಕುವ ಮುಚ್ಚಳ ತೆಗೆದು ನೋಡಿದೆ. ಹೊಗೆ ಉಗುಳಲಿಲ್ಲ. ರಿಂಗ್ ಇನ್ನೂ ಬಾಳುತ್ತವೆ ಅಂತ ಹೆಡ್ ಅಷ್ಟೇ ಬಿಚ್ಚಿಸಿದೆ.

ಕೆಲಸದ ಕ್ರಮ ಹೀಗಿರಲಿ:

1. ಯಾವ ವಾಲ್ವ್ ಯಾವ ಸೀಟಿನದು ಅಂತ ಗುರುತು ಹಾಕ್ರಿ.

2. ಗೈಡಿನಲ್ಲಿ ವಾಲ್ವ್ ಅಲುಗಾಡಿದರೆ ಮೊದಲು ಗೈಡ್ ಬದಲಿಸಿ, ಆಮೇಲೆ ಸೀಟು ಕೊರೆಸ್ರಿ. ತಿರುವುಮುರುವು ಮಾಡಿದರೆ ದುಡ್ಡು ನೀರಾಗ ಹಾಕಿದಂಗ. ಈ ಕೆಲಸ ವಿಜಯಪುರದ ಲೇತಿನಲ್ಲಿ ಮಾಡಿಸಿದೆ.

3. ಸುಟ್ಟ ವಾಲ್ವ್ ಮಾತ್ರ ಹೊಸದು. ಉಳಿದವಕ್ಕೆ ಪೇಸ್ಟ್ ಹಚ್ಚಿ, ಮಜ್ಜಿಗೆ ಕಡೆದಂಗ ಅತ್ತಿತ್ತ ತಿರುಗಿಸ್ರಿ. ಸುತ್ತಲೂ ಬೂದಿ ಬಣ್ಣದ ಒಂದೇ ಸಮನ ಪಟ್ಟಿ ಮೂಡಬೇಕು. ಪೇಸ್ಟ್ ಒಂದು ಕಣ ಉಳಿಯದಂಗ ತೊಳೀರಿ.

4. ಸ್ಪ್ರಿಂಗುಗಳನ್ನು ಹೊಸದೊಂದರ ಬಾಜೂಕ ನಿಲ್ಲಿಸ್ರಿ, ಗಿಡ್ಡಾದವನ್ನು ಬಿಡ್ರಿ. ಪುಶ್ ರಾಡನ್ನು ಗಾಜಿನ ಮೇಲೆ ಉರುಳಿಸಿದರೆ ಸೊಟ್ಟ ಗೊತ್ತಾಗ್ತದ.

5. ಜೋಡಿಸಿದ ಹೆಡ್ ಬೋರಲು ಇಟ್ಟು ವಾಲ್ವ್ ಮೇಲೆ ಸೀಮೆಎಣ್ಣೆ ಸುರೀರಿ. ಕೆಳಗೆ ಜಿನುಗಿದರೆ ಮತ್ತೆ ಪೇಸ್ಟ್ ಹಚ್ಚಿ ಉಜ್ಜಬೇಕು.

6. ಹೊಸ ಗ್ಯಾಸ್ಕೆಟ್ ಇಟ್ಟು, ಬೋಲ್ಟುಗಳನ್ನು ನಡುವಿನಿಂದ ಹೊರಗೆ, ಎರಡು-ಮೂರು ಸುತ್ತಿನಲ್ಲಿ ಬಿಗಿ ಮಾಡ್ರಿ.

7. ಟ್ಯಾಪೆಟ್ ಸಂದು ಎಂಜಿನ್ ಪುಸ್ತಕದಾಗ ಇದ್ದಷ್ಟೇ ಇರಲಿ. ತಣ್ಣಗಿದ್ದಾಗಿನ ಅಳತೆಯೋ ಕಾದಾಗಿನದೋ ನೋಡಿಕೊಂಡು, ಎರಡೂ ವಾಲ್ವ್ ಮುಚ್ಚಿದಾಗ ಫೀಲರ್ ಗೇಜಿನಿಂದ ಹೊಂದಿಸ್ರಿ. ಕೆಲವು ದಿನ ಓಡಿಸಿ ಮತ್ತೊಮ್ಮೆ ನೋಡ್ರಿ.

ಎರಡು ಕ್ವಿಂಟಲ್ ತೊಗರಿ ಮಾರಿದ ದುಡ್ಡಿನಾಗ ಕೆಲಸ ಮುಗೀತು. ಎಂಟನೆಯ ದಿನ ಟ್ಯಾಂಕರ್ ತುಂಬಿಕೊಂಡು ಅದೇ ದಿನ್ನಿ ಏರಿದೆ. ಈಗ ಟ್ಯಾಪೆಟ್ ಸಣ್ಣಗೆ ಸದ್ದು ಮಾಡ್ತದ. ಮಾಡಲಿ ಬಿಡ್ರಿ, ಪೂರಾ ಸುಮ್ಮನಾದ ಟ್ಯಾಪೆಟ್ಟಿಗೇ ಅಂಜಬೇಕು.