ಸಂಪುಟ 44, ವಿಭಾಗ ‘ಎ’

ನಿನ್ನ ಪೇಪರ್ ಓದಿದೆನಮ್ಮಾ. ಪ್ರಯೋಗ ಅಚ್ಚುಕಟ್ಟಾಗಿದೆ, ಗ್ರಾಫುಗಳೂ ಚೆನ್ನಾಗಿ ಬಂದಿವೆ. ಆ ವಿಷಯ ನಿನಗೂ ನಿನ್ನ ಗೈಡಿಗೂ ಬಿಟ್ಟಿದ್ದು. ನನ್ನಂಥ ಹಳಬರಿಗೆ ಪೇಪರನ್ನು ಹಿಂದಿನಿಂದ ಓದುವ ಚಾಳಿ. ಕಣ್ಣು ಮೊದಲು ಹೋಗುವುದೇ ರೆಫರೆನ್ಸ್ ಪಟ್ಟಿಗೆ. ನಿನ್ನ ಪಟ್ಟಿಯ ಹನ್ನೊಂದನೆಯದರ ಹತ್ತಿರ ನಿಂತುಬಿಟ್ಟೆ.

ಪಂಚರತ್ನಂ ಎಸ್., ಪ್ರೊಸೀಡಿಂಗ್ಸ್ ಆಫ್ ದಿ ಇಂಡಿಯನ್ ಅಕಾಡೆಮಿ ಆಫ್ ಸೈನ್ಸಸ್, 44, 247, 1956. ಹೀಗೆ ಬರೆದಿದ್ದೀಯ. ಎಲ್ಲ ಸರಿ, ಒಂದೇ ಒಂದು ಅಕ್ಷರ ಬಿಟ್ಟುಹೋಗಿದೆ. ಆ ಪತ್ರಿಕೆ ಆಗ ಎರಡು ಹೋಳಾಗಿ ಬರುತ್ತಿತ್ತು: ಭೌತವಿಜ್ಞಾನ, ಗಣಿತಕ್ಕೆ ‘ಎ’, ಜೀವವಿಜ್ಞಾನಕ್ಕೆ ‘ಬಿ’. ನಿನ್ನ ವಿಳಾಸ ಹಿಡಿದು ಹೋದವರು ಬೆಳಕಿನ ಧ್ರುವೀಕರಣ ಹುಡುಕುತ್ತ ಯಾವುದೋ ಗಿಡದ ಬೇರಿನ ಮುಂದೆ ಹೋಗಿ ನಿಂತರೂ ನಿಂತಾರು.

ಈ ಒಂದು ಸಾಲಿನ ಮೇಲೆ ನನಗೆ ಇಷ್ಟು ಮಮತೆ ಯಾಕೆ ಗೊತ್ತೇ? ಬೆಂಗಳೂರಿನ ರಾಮನ್ ಸಂಶೋಧನಾ ಸಂಸ್ಥೆಯಲ್ಲಿ ಕೂತು ಪಂಚರತ್ನಂ ಅದನ್ನು ಬರೆದಾಗ ಅವರಿಗೆ ಇಪ್ಪತ್ತೆರಡು ವರ್ಷ. ಆಮೇಲೆ ಮೂರು ದಶಕ ಅದು ಹೆಚ್ಚು ಜನರ ಕಣ್ಣಿಗೆ ಬೀಳಲಿಲ್ಲ. 1969ರಲ್ಲಿ, ಮೂವತ್ತೈದಕ್ಕೇ ಅವರು ತೀರಿಕೊಂಡರು. 1984ರಲ್ಲಿ ಬ್ರಿಸ್ಟಲ್‌ನ ಮೈಕೇಲ್ ಬೆರ್ರಿ ಕ್ವಾಂಟಮ್ ಲೋಕದಲ್ಲಿ ಒಂದು ಹೊಸ ಫೇಸ್ ತೋರಿಸಿದರು. 1986ರಲ್ಲಿ ರಾಮಶೇಷನ್ ಮತ್ತು ನಿತ್ಯಾನಂದ ‘ಕರೆಂಟ್ ಸೈನ್ಸ್’ನಲ್ಲಿ, ಇದರ ಹಳೆಯ ಉದಾಹರಣೆ ನಮ್ಮ ಪಂಚರತ್ನಂ ಪ್ರಬಂಧದಲ್ಲೇ ಇದೆಯಲ್ಲ ಎಂದು ಬೆರಳಿಟ್ಟು ತೋರಿಸಿದರು. ಬೆರ್ರಿಯವರೂ ಅದನ್ನು ಓದಿ, ಒಪ್ಪಿ, ಮರುವರ್ಷ ಅದರ ಮೇಲೆಯೇ ಬರೆದರು. ಇವತ್ತು ಜಗತ್ತು ಅದನ್ನು ಪಂಚರತ್ನಂ–ಬೆರ್ರಿ ಫೇಸ್ ಎನ್ನುತ್ತದೆ. ಮೂವತ್ತು ವರ್ಷ ಮುಚ್ಚಿದ್ದ ಬಾಗಿಲನ್ನು ಸರಿಯಾದ ವಿಳಾಸ ಹಿಡಿದವರು ತಟ್ಟಿದರು, ಅಷ್ಟೇ.

ಇನ್ನು ಚುಕ್ಕೆ, ಕಾಮಾ ಕಾಟ. ಈ ಜರ್ನಲಿಗೆ ವರ್ಷ ಆವರಣದಲ್ಲಿ, ಆ ಜರ್ನಲಿಗೆ ಕೊನೆಯಲ್ಲಿ, ಇನ್ನೊಂದಕ್ಕೆ ಪ್ರಬಂಧದ ಹೆಸರೇ ಬೇಡ. ಗೊಣಗಬೇಡ ಎನ್ನುವುದಿಲ್ಲ, ನಾನೂ ಗೊಣಗಿದವನೇ. ಲೇಖಕರ ಹೆಸರು, ವರ್ಷ ಬರೆಯುವ ಪದ್ಧತಿಯ ಜಾಡು ಹಿಡಿದು ಹೋದರೆ ಹಾರ್ವರ್ಡ್‌ನ ಪ್ರಾಣಿಶಾಸ್ತ್ರಜ್ಞ ಎಡ್ವರ್ಡ್ ಲಾರೆನ್ಸ್ ಮಾರ್ಕ್ 1881ರಲ್ಲಿ ಚಿಪ್ಪಿಲ್ಲದ ಬಸವನಹುಳುವಿನ ಮೊಟ್ಟೆಯ ಬಗ್ಗೆ ಬರೆದ ಪ್ರಬಂಧ ಸಿಗುತ್ತದೆ. ವೈದ್ಯಕೀಯ ಪತ್ರಿಕೆಗಳ ಸಂಪಾದಕರು 1978ರಲ್ಲಿ ವ್ಯಾಂಕೂವರ್‌ನಲ್ಲಿ ಸೇರಿ ಅಂಕಿ ಹಾಕುವ ಪದ್ಧತಿಗೆ ಒಂದು ಅಚ್ಚು ಕೊಟ್ಟರು. ನೀನು ಕಳಿಸುತ್ತಿರುವ ಜರ್ನಲ್ ಯಾವ ಅಚ್ಚು ಕೇಳುತ್ತದೋ ಅದರ ಇತ್ತೀಚಿನ ಸಂಚಿಕೆಯ ಒಂದು ಪೇಪರ್ ತೆಗೆದು ಪಕ್ಕದಲ್ಲಿಟ್ಟುಕೋ. ನಿಯಮಾವಳಿ ಓದಿ ಅರ್ಥವಾಗದ್ದು ಅದನ್ನು ನೋಡಿದರೆ ಅರ್ಥವಾಗುತ್ತದೆ.

ಇದನ್ನೆಲ್ಲ ಜೋಟೆರೋ ಮಾಡಿಕೊಡುತ್ತದೆ ಸಾರ್, ಅನ್ನುತ್ತೀಯ. ಮಾಡುತ್ತದೆ, ಮಾಡಲಿ. ನಾವು ಇಂಡೆಕ್ಸ್ ಕಾರ್ಡುಗಳನ್ನು ಬೂಟಿನ ಡಬ್ಬದಲ್ಲಿ ಜೋಡಿಸಿಟ್ಟ ಕಾಲಕ್ಕೆ ನೀನು ವಾಪಸ್ ಹೋಗಬೇಕಿಲ್ಲ. ಆದರೆ ಅದಕ್ಕೆ ನಮ್ಮ ಹೆಸರುಗಳು ಗೊತ್ತಿಲ್ಲ. ನಮ್ಮಲ್ಲಿ ಎಷ್ಟೋ ಜನಕ್ಕೆ ಮನೆತನದ ಹೆಸರೇ ಇಲ್ಲ. ಊರಿನದೊಂದು, ಅಪ್ಪನದೊಂದು ಇನಿಷಿಯಲ್ ಇರುತ್ತದೆ. ಅವನ್ನು ಹೆಸರು ಆದಮೇಲೆ ಬರೆದುಕೊಂಡಿದ್ದರೆ ಸಾಫ್ಟ್‌ವೇರ್ ಕೊನೆಯ ‘ಆರ್’ ಅನ್ನೇ ಮನೆತನದ ಹೆಸರು ಎಂದುಕೊಂಡು ಪಟ್ಟಿಯಲ್ಲಿ ಆ ಅಕ್ಷರದ ಕೆಳಗೆ ಕೂರಿಸುತ್ತದೆ. ಚಂದ್ರಶೇಖರ್ ಎಸ್. ಎಂದರೆ ಯಾರು, ಹೇಳು? ನಕ್ಷತ್ರಗಳ ಸುಬ್ರಹ್ಮಣ್ಯನ್ ಚಂದ್ರಶೇಖರ್ ಇದ್ದಾರೆ. ದ್ರವಸ್ಫಟಿಕಗಳ ಶಿವರಾಮಕೃಷ್ಣ ಚಂದ್ರಶೇಖರ್ ಇದ್ದಾರೆ. ಮೈಸೂರು ವಿಶ್ವವಿದ್ಯಾಲಯದಲ್ಲಿ ಪಾಠ ಹೇಳಿದವರು, 1977ರಲ್ಲಿ ಸದಾಶಿವ ಮತ್ತು ಸುರೇಶ್ ಜೊತೆ ‘ಪ್ರಮಾಣ’ ಪತ್ರಿಕೆಯ ಒಂಬತ್ತನೇ ಸಂಪುಟದ 471ನೇ ಪುಟದಲ್ಲಿ ತಟ್ಟೆಯಾಕಾರದ ಅಣುಗಳ ದ್ರವಸ್ಫಟಿಕವನ್ನು ಜಗತ್ತಿಗೆ ತೋರಿಸಿದವರು. ಇಬ್ಬರೂ ಸಿ. ವಿ. ರಾಮನ್ನರ ಬಂಧುಗಳೇ, ಅಣ್ಣನ ಮಗ ಒಬ್ಬರು, ಅಕ್ಕತಂಗಿಯರ ಕಡೆಯವರು ಇನ್ನೊಬ್ಬರು. ಇಬ್ಬರನ್ನು ಬೇರೆ ಮಾಡುವುದು ಹೆಸರಲ್ಲ, ಪತ್ರಿಕೆ, ಸಂಪುಟ, ಪುಟ. ಒಬ್ಬೊಬ್ಬ ಸಂಶೋಧಕರನ್ನೂ ಬೇರೆಯಾಗಿ ಗುರುತಿಸುವ ಆರ್ಕಿಡ್ (ORCID) ಸಂಖ್ಯೆ ಬಂದದ್ದು 2012ರಲ್ಲಿ; ನೀನು ಇವತ್ತೇ ಒಂದು ಮಾಡಿಸಿಕೋ. ಹೆಸರನ್ನು ಹೇಗೆ ಬರೆಯುತ್ತೀ ಎಂಬುದನ್ನೂ ಈಗಲೇ ಗಟ್ಟಿಮಾಡಿಕೋ. ಮದುವೆಯಾದ ಮೇಲೆ ಒಂದು, ಪಾಸ್‌ಪೋರ್ಟ್ ಬಂದ ಮೇಲೆ ಇನ್ನೊಂದು ಆಗುವುದು ಬೇಡ.

ಬಿಬ್‌ಟೆಕ್ ಬಳಸುವುದಾದರೆ ಇನ್ನೊಂದು ತಂಟೆ. ಎಷ್ಟೋ ಅಚ್ಚುಗಳಲ್ಲಿ ಅದು ಶೀರ್ಷಿಕೆಯೊಳಗಿನ ದೊಡ್ಡಕ್ಷರಗಳನ್ನು ಚಿಕ್ಕದು ಮಾಡಿಬಿಡುತ್ತದೆ. ರಾಮನ್ನರೂ ಚಿಕ್ಕಕ್ಷರಕ್ಕೆ ಇಳಿಯುತ್ತಾರೆ. ಅಂಥ ಪದಕ್ಕೆ ಪುಷ್ಪಾವರಣ ಹಾಕು.

ಈಗ ನನ್ನದೇ ಒಂದು ಹುಳುಕು ಹೇಳುತ್ತೇನೆ. ಥೀಸಿಸ್ ಮುಗಿಸುವ ಆತುರದಲ್ಲಿ ಒಂದು ಹಳೇ ಜರ್ಮನ್ ಪ್ರಬಂಧದ ವಿವರವನ್ನು ಇನ್ನೊಬ್ಬರ ಪಟ್ಟಿಯಿಂದ ಎತ್ತಿಕೊಂಡೆ. ಎತ್ತಿಕೊಳ್ಳುವಾಗ 318 ಎಂಬ ಪುಟಸಂಖ್ಯೆಯನ್ನು 381 ಮಾಡಿದೆ. ಪ್ರಬಂಧವನ್ನು ಕಣ್ಣಲ್ಲಿ ನೋಡಿರಲಿಲ್ಲ. ಎಂಟು ವರ್ಷದ ಮೇಲೆ, ನಾನು ಮುಖವನ್ನೂ ನೋಡಿರದ ಒಬ್ಬರ ಪೇಪರಿನಲ್ಲಿ ಅದೇ 381 ಸಿಕ್ಕಿತು. ಅವರೂ ಓದಿರಲಿಲ್ಲ, ನನ್ನಿಂದ ಎತ್ತಿಕೊಂಡಿದ್ದರು. ನಗು ಬಂತು, ಆಮೇಲೆ ಬೆವರು ಬಂತು. 2003ರಲ್ಲಿ ಸಿಮ್ಕಿನ್ ಮತ್ತು ರಾಯ್‌ಚೌಧುರಿ ಇಂಥ ಮರುಕಳಿಸುವ ಅಚ್ಚುತಪ್ಪುಗಳನ್ನೇ ಎಣಿಸಿ ಲೆಕ್ಕ ಹಾಕಿದರು: ಉಲ್ಲೇಖಿಸುವವರಲ್ಲಿ ಮೂಲ ಓದುವವರು ಐದರಲ್ಲಿ ಒಬ್ಬರು ಇದ್ದಾರು ಎಂದು. ನಾನು ಉಳಿದ ನಾಲ್ವರಲ್ಲಿ ಇದ್ದೆ.

ಓದದೆ ಬರೆದರೆ ಪುಟಸಂಖ್ಯೆ ತಪ್ಪುವುದು ಸಣ್ಣ ನಷ್ಟ. 1980ರಲ್ಲಿ ‘ನ್ಯೂ ಇಂಗ್ಲೆಂಡ್ ಜರ್ನಲ್ ಆಫ್ ಮೆಡಿಸಿನ್’ಗೆ ಐದೇ ವಾಕ್ಯದ ಒಂದು ಪತ್ರ ಬಂತು. ಆಸ್ಪತ್ರೆಯಲ್ಲಿದ್ದ ರೋಗಿಗಳಿಗೆ ಅಫೀಮಿನ ಜಾತಿಯ ನೋವುಶಾಮಕ ಕೊಟ್ಟಾಗ ಚಟ ಹತ್ತಿದ್ದು ಅಪರೂಪ ಎಂದು ಅದರ ಸಾರಾಂಶ. 2017ರಲ್ಲಿ ಲೆಕ್ಕ ತೆಗೆದಾಗ 608 ಕಡೆ ಅದರ ಉಲ್ಲೇಖವಿತ್ತು. ಹತ್ತರಲ್ಲಿ ಎಂಟು ಕಡೆ ‘ಆಸ್ಪತ್ರೆಯಲ್ಲಿದ್ದ’ ಎಂಬ ಮಾತೇ ಮಾಯ. ಅಮೆರಿಕದಲ್ಲಿ ಮನೆಗೆ ಬರೆದುಕೊಟ್ಟ ಅಂಥ ಮಾತ್ರೆಗಳಿಂದ ಎಷ್ಟು ಜನ ಚಟಕ್ಕೆ ಬಿದ್ದರು ಎಂಬುದನ್ನು ನೀನು ಪತ್ರಿಕೆಯಲ್ಲಿ ಓದಿದ್ದೀಯ.

ಇನ್ನೊಂದು ಕೇಳು, ಇದು ತಮಾಷೆಯದು. ಒಂದು ದೊಡ್ಡ ಪ್ರಕಾಶನದ ಟೆಂಪ್ಲೇಟಿನಲ್ಲಿ ರೆಫರೆನ್ಸ್ ಹೀಗೆ ಬರೆಯಬೇಕು ಎಂದು ತೋರಿಸಲು ವಾನ್ ಡೆರ್ ಗೀರ್ ಮತ್ತಿತರರ ಪ್ರಬಂಧವೊಂದನ್ನು ಮಾದರಿಗೆ ಕೊಟ್ಟಿದ್ದರು. ವೈಜ್ಞಾನಿಕ ಲೇಖನ ಬರೆಯುವ ಕಲೆ ಎಂದು ಅದರ ಶೀರ್ಷಿಕೆ. ಅಂಥ ಪ್ರಬಂಧವೇ ಇಲ್ಲ. ಆದರೂ ನೂರಾರು ಪೇಪರುಗಳ ಪಟ್ಟಿಯಲ್ಲಿ ಅದು ಕೂತಿದೆ, ಅಳಿಸುವುದಕ್ಕೆ ಮರೆತವರ ಕೃಪೆ! ಈಗ ನಿಮ್ಮ ಚಾಟ್‌ಬಾಟ್‌ಗಳು ಇಂಥವನ್ನು ಕೇಳಿದಷ್ಟು ಹೆರುತ್ತವೆ, ಸಂಪುಟ, ಪುಟ, ಡಿಒಐ ಸಮೇತ. ಆದ್ದರಿಂದ ಪ್ರತಿ ಡಿಒಐಯನ್ನೂ ಒತ್ತಿ ನೋಡು. ತೆರೆದುಕೊಂಡ ಪುಟದ ಹೆಸರು, ನೀನು ಬರೆದ ಹೆಸರು ಒಂದೇ ಇದೆಯೇ ನೋಡು. ಆ ಪೇಪರನ್ನು ಜರ್ನಲ್ ವಾಪಸ್ ತೆಗೆದುಕೊಂಡಿದ್ದರೆ ಅದೂ ಅಲ್ಲೇ ಕಾಣುತ್ತದೆ.

ನಿನ್ನ ಪಟ್ಟಿಯಲ್ಲಿ ನಲವತ್ತಮೂರು ಇವೆ. ಓದದ್ದು ಎಷ್ಟು ಎಂದು ನಾನು ಕೇಳುವುದಿಲ್ಲ, ಪೆನ್ಸಿಲ್ ತಗೊಂಡು ನೀನೇ ಗುರುತು ಹಾಕಿಕೋ. ಹನ್ನೊಂದನೆಯದು ಅಕಾಡೆಮಿಯ ವೆಬ್‌ಸೈಟಿನಲ್ಲಿ ಪುಕ್ಕಟೆ ಸಿಗುತ್ತದೆ, 247ರಿಂದ 262, ಹದಿನಾರೇ ಪುಟ. ಓದು. ಆಮೇಲೆ ‘ಎ’ ಸೇರಿಸು.